ವಿಳಾಸ ಪತ್ತೆಯಾಗಿಲ್ಲ

ಹತ್ತಿ ಒಣಹಾಕಲು ಬಂದ ರುಹೀನಾಗೆ ತನ್ನ ಖಾಲಿ ಸೈಟಿನಲ್ಲಿ ಇಬ್ಬರು ಟೇಪು ಹಿಡಿದು ಅಳೆಯುತ್ತಿರುವುದು ಕಾಣಿಸಿತು.

"ಯಾರ್ರೀ ನೀವು?"

"ಹರಾಜಿನಾಗೆ ಈ ಜಾಗ ನನಗೆ ಬಂದೈತಮ್ಮ," ಎಂದ ಅವರಲ್ಲೊಬ್ಬ, ಗೊಬ್ಬರದಂಗಡಿಯ ಜಂಪಣ್ಣ. "ಕಂದಾಯ ಬಾಕಿ ಇತ್ತಂತೆ. ನಾಳೆ ರಿಜಿಸ್ಟ್ರು."

ಗಂಡ ಸಾದಿಕ್ ಸಾಯುವ ಮುಂಚೆ ಕೊಂಡ ಸೈಟು ಅದು. ಅಲ್ಲೊಂದು ಶೀಟಿನ ಶೆಡ್ಡು ಹಾಕಿ, ಬಾಡಿಗೆ ಜಾಗದಲ್ಲಿದ್ದ ತನ್ನ ಗಾದಿ ಅಂಗಡಿಯನ್ನು ಅಲ್ಲಿಗೇ ತರಬೇಕೆಂದಿದ್ದಳು. ಮನೆ ಕಂದಾಯವನ್ನು ತಪ್ಪದೆ ಕಟ್ಟುತ್ತಿದ್ದವಳಿಗೆ, ಖಾಲಿ ಜಾಗಕ್ಕೆ ಬೇರೆಯೇ ಕಂದಾಯವಿದೆ ಎಂದು ಯಾರೂ ಹೇಳಿರಲಿಲ್ಲ. ನೇರ ಪುರಸಭೆ ಕಚೇರಿಗೆ ನಡೆದಳು. ಏನೋ ಎಡವಟ್ಟಾಗಿದೆ ಎನ್ನಿಸಿ ಜಂಪಣ್ಣನೂ ಹಿಂದೆಯೇ ಬಂದ.

ಗುಮಾಸ್ತ ಮಹಾಂತೇಶ್ ತಲೆಯೆತ್ತಲಿಲ್ಲ. "ಎಲ್ಲಾ ಕಾನೂನು ಪ್ರಕಾರ ಆಗೈತೆ. ಸೈಟಿನ ಗೋಡೆಗೆ ನೋಟಿಸ್ ಅಂಟಿಸೀವಿ."

"ಸೈಟಿಗೆ ಗೋಡೆನೇ ಇಲ್ಲಲ್ರೀ."

"ಹಂಗಾರೆ ಕಂಬಕ್ಕೆ ಅಂಟಿಸಿರ್ತಾರೆ. ಪೇಪರ್‌ನಾಗೂ ಹಾಕ್ಸೀವಿ."

ಯಾವ ಪೇಪರೆಂದು ಕೇಳಿದ್ದಕ್ಕೆ ಒಂದು ಹೆಸರು ಹೇಳಿದ. ಆ ಪೇಪರನ್ನು ಊರಿನ ಯಾವ ಅಂಗಡಿಯಲ್ಲೂ ಅವಳು ಕಂಡಿರಲಿಲ್ಲ.

"ಡಂಗುರನೂ ಹೊಡೆಸೀವಿ, ಸೈಟಿನ ಹತ್ರ."

"ಅಲ್ಲಿ ಕೇಳಾಕೆ ಯಾರಿದಾರೆ? ನಾಯಿ ಮಲಗಿರ್ತಾವೆ. ನನ್ನ ಅಂಗಡಿಗೆ ಬಂದು ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

ಮಹಾಂತೇಶ್ ಫೈಲು ಬಿಚ್ಚಿ ಬೆರಳಿಟ್ಟ. "ಕೈಗೆ ಕೊಡಾಕೂ ನೋಡೀವಿ. ಮಾಲೀಕರ ವಿಳಾಸ ಪತ್ತೆಯಾಗಿಲ್ಲ ಅಂತ ಇಲ್ಲೇ ಬರೆದೈತೆ."

ರುಹೀನಾ ಬಗ್ಗಿ ಆ ಸಾಲನ್ನು ಓದಿದಳು. ಸಿಟ್ಟು ಬಂದಿತ್ತು. ಮಾತು ಮಾತ್ರ ಮೆಲ್ಲಗೆ ಬಂತು. "ಹೋದ ತಿಂಗಳು ತಂಗಿ ಮದುವೆಗೆ ಗಾದಿ ಹೊಲಿಸಾಕೆ ಬಂದಿದ್ರಲ್ಲ ಸಾರ್, ಆವಾಗ ಯಾರನ್ನ ಕೇಳ್ಕೊಂಡು ಬಂದ್ರಿ?"

ಮಹಾಂತೇಶ್ ಫೈಲು ಮುಚ್ಚಿದ. ಜಂಪಣ್ಣ ಮುಂದೆ ಬಂದ. "ನೋಟಿಸ್ ಮುಟ್ಟದಿರೋ ಜಾಗ ನನಗೆ ಬ್ಯಾಡ ಸ್ವಾಮಿ. ಆಮೇಲೆ ಕೋರ್ಟಿಗೆ ಅಲೆಯೋರು ಯಾರು? ನನ್ನ ದುಡ್ಡು ವಾಪಸ್ ಮಾಡ್ರಿ."

ಮಹಾಂತೇಶ್ ಒಳಗಿನ ಸಾಹೇಬರ ಕೋಣೆಗೆ ಎರಡು ಸಲ ಹೋಗಿಬಂದ. ಕೊನೆಗೆ, ಹರಾಜು ರದ್ದು ಎಂದ.

"ಸದ್ಯ. ಬಾಕಿ ಈಗ್ಲೇ ಕಟ್ಟಿಸ್ಕೊಳ್ರಿ," ಎಂದು ರುಹೀನಾ ಪರ್ಸು ತೆಗೆದಳು.

"ಹಂಗೆ ಬರಲ್ಲಮ್ಮ. ಹೊಸದಾಗಿ ನೋಟಿಸ್ ಕೊಡ್ಬೇಕು. ಅದು ನಿಮಗೆ ಮುಟ್ಟಿದ ಮ್ಯಾಲೆ ಕಟ್ಟಬೇಕು."

"ಎದುರಿಗೇ ನಿಂತೀನಲ್ರೀ. ಕೊಡ್ರಿ."

"ಅಂಚೆನಾಗೇ ಬರ್ಬೇಕು."

ಅವಳು ಗೋಡೆಗೊರಗಿ ನಿಂತಳು. ಮಹಾಂತೇಶ್ ಹೊಸ ಲಕೋಟೆ ತೆಗೆದು ಬರೆಯತೊಡಗಿದ. ಅವಳನ್ನು ಏನೂ ಕೇಳಲಿಲ್ಲ. ಅವಳ ಹೆಸರು, ಗಂಡನ ಹೆಸರು, ಅಂಗಡಿ, ಓಣಿ, ಎದುರಿನ ಹಿಟ್ಟಿನ ಗಿರಣಿ, ಎಲ್ಲವನ್ನೂ ಪೆನ್ನು ಎತ್ತದೆ ಬರೆದು ಮುಗಿಸಿದ.