ನೊಣದ ಸಜ್ಜಿಗೆ

ಪ್ರಯೋಗದ ನೊಣಗಳಿಗೆಂದು ಚಂಪಕಾ ರವೆ, ಬೆಲ್ಲ ಕುದಿಸಿ, ಮರೆವಿನ ಕಾಯಿಲೆಗೆ ತಾನು ಮೂರು ವರ್ಷ ಹೆಣಗಿ ಸಿದ್ಧಪಡಿಸಿದ ಮದ್ದನ್ನು ಅದರಲ್ಲಿ ಬೆರೆಸಿ, ಬಟ್ಟಲಲ್ಲಿ ಆರಲಿಟ್ಟಿದ್ದಳು. ಊಟ ಮುಗಿಸಿ ಬರುವಷ್ಟರಲ್ಲಿ ಬಟ್ಟಲು ಖಾಲಿ.

“ಸಜ್ಜಿಗೆ ಚೆನ್ನಾಗಿತ್ತಮ್ಮ, ತುಪ್ಪ ಸಾಲದು,” ಎಂದು ಅವಳ ಪಿಎಚ್‌ಡಿ ಗೈಡು ಬಾಯಿ ಒರೆಸಿಕೊಂಡರು. ಮಗಳ ಮದುವೆಯ ದಿನವೂ ಮರೆತು ಪಾಠಕ್ಕೆ ಬಂದಿದ್ದ ಮಹಾನುಭಾವರು.

“ಅಯ್ಯೋ ಸರ್, ಅದು ನೊಣದ್ದು! ನನ್ನ ಮದ್ದು ಹಾಕಿದ್ದೆ. ಏನಾದ್ರೂ ಆಗ್ತಿದೆಯಾ?”

ಗೈಡು ಕಣ್ಣು ಮುಚ್ಚಿದರು. “ತಡಿ, ತಡಿ. ಹಳೇದೆಲ್ಲಾ ಒಂದೊಂದಾಗಿ ನೆನಪಿಗೆ ಬರ್ತಿದೆ!”

ಅವಳಿಗೆ ಕುಣಿಯುವಂತಾಯಿತು. “ಏನು ನೆನಪಾಯ್ತು, ಹೇಳಿ ಸರ್. ಬರ್ಕೊಳ್ತೀನಿ.”

“ನಿನ್ನ ರಜಾಚೀಟಿಗಳು. ಮೂರು ವರ್ಷದಲ್ಲಿ ನಿಮ್ಮಜ್ಜಿ ಐದು ಸಲ ತೀರ್ಕೊಂಡಿದ್ದಾರೆ.”