ಎಂಟು ಸಾವಿರ ಹೆಜ್ಜೆ

ಫೋನಿನಲ್ಲಿ ಕಂಪನಿಯ ನರ್ಸ್ ಮಾತಾಡುತ್ತಿದ್ದಳು. "ಸರ್, ಮೂರು ದಿನದಿಂದ ನಿಮ್ಮ ವಾಚಲ್ಲಿ ಎದೆಬಡಿತ ತಪ್ಪಿ ತಪ್ಪಿ ಬರ್ತಿದೆ. ಇವತ್ತೇ ಆಸ್ಪತ್ರೆಗೆ ಬನ್ನಿ. ಖರ್ಚೆಲ್ಲ ಕಂಪನೀದೇ."

ಗಾಜಿನ ಕಾರ್ಖಾನೆಯ ಫಿಟ್ಟರ್ ಮಂಡಿಗೆ ಪಟ್ಟಿ ಕಟ್ಟಿದ ಕಾಲನ್ನು ಮಂಚದ ಮೇಲೆ ಚಾಚಿಕೊಂಡೇ ಹೆಂಡತಿಯತ್ತ ನೋಡಿದ. ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡೆಯದವರ ವಿಮೆಗೆ ಕಂಪನಿ ಈಗ ತನ್ನ ಪಾಲು ಕಟ್ಟುವುದಿಲ್ಲ. ಅದಕ್ಕೇ ಕಂಪನಿ ಅವನಿಗೆ ಕೊಟ್ಟ ವಾಚನ್ನು ಅವಳು ಕಟ್ಟಿಕೊಂಡು, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ, ಬೆಳಗಿನ ಬಿಸಿಲಲ್ಲಿ ತೇಲುವ ಧೂಳಿನ ನಡುವೆ, ನಿದ್ದೆಯಲ್ಲಿ ನಡೆಯುವವಳ ಹಾಗೆ ಸುಳಿದಾಡುತ್ತಿದ್ದಳು. ಕಂಪನಿ ವಿಮೆಯ ಕಾರ್ಡಿನಿಂದ ಕೆಲಸಗಾರರ ಹೆಂಡತಿಯರ ಹೆಸರು ತೆಗೆದು ಎರಡು ತಿಂಗಳಾಗಿತ್ತು.

"ಏನಂತೆ? ಸಿಕ್ಕಿಬಿದ್ವಾ?" ಎಂದಳು, ನಿಲ್ಲದೆ. "ಹೆಸರು ನಿಮ್ದು, ಕಾಲು ನಂದು ಅಂತ ಹೇಳ್ಬಿಡಿ." ನಕ್ಕಳು. ನಗುವಷ್ಟರಲ್ಲೇ ಅವಳಿಗೆ ಉಸಿರು ಸಾಲದೆ ಹೋಯಿತು. ಅದು ಅವನ ಕಿವಿಗೆ ಬಿದ್ದದ್ದು ಇವತ್ತೇ.

"ಸರ್, ಎಷ್ಟೊತ್ತಿಗೆ ಬರ್ತೀರಿ?" ನರ್ಸ್ ಮತ್ತೆ ಕೇಳಿದಳು.

ಅವನು ಫೋನನ್ನು ದಿಂಬಿನ ಮೇಲಿಟ್ಟು, ಗೋಡೆ ಹಿಡಿದು ನೋಯುವ ಕಾಲನ್ನು ನೆಲಕ್ಕೂರಿದ. ಎರಡು ಹೆಜ್ಜೆ ನಡೆದು ಅವಳಿಗೆ ಅಡ್ಡ ನಿಂತು, ಅವಳ ಮಣಿಕಟ್ಟಿನ ವಾಚಿನ ಮೇಲೆ ಅಂಗೈ ಮುಚ್ಚಿದ.

"ಕೂತ್ಕೊಳೇ," ಎಂದ. "ಎದೆನೂ ನಿಂದೇ."