ಸಾಸಿವೆಯ ಸಾಲು

ಕೆಳಗೆ ಸ್ಟೀಲಿನ ತಂಬಿಗೆ ಗೋಡೆಗೆ ಬಡಿದು ಉರುಳಿದಾಗ ಟೆರೇಸಿನ ಮೇಲಿದ್ದ ಕಸ್ತೂರಿಯ ಬೆರಳುಗಳ ನಡುವೆ ಹಸಿರು ಹುಳವೊಂದು ಒದ್ದಾಡುತ್ತಿತ್ತು. ಅದನ್ನು ಸೋಪಿನ ನೀರಿನ ಡಬ್ಬಿಗೆ ಹಾಕಿ ಅವಳು ಕಿವಿಗೊಟ್ಟಳು. ತಂಬಿಗೆಯ ಹಿಂದೆಯೇ ಏಟಿನ ಸದ್ದು. ಅತ್ತೆ ಗೌರಾಬಾಯಿ ಮಗನ ಏಟು ಬಿದ್ದರೆ ಅಳುತ್ತಿರಲಿಲ್ಲ, ಇನ್ನಷ್ಟು ಬೈಯುತ್ತಿದ್ದಳು.

"ಹೊಡಿ, ಹೊಡಿ! ಕಂಪನ್ಯಾಗ ಬಾಲಾ ಮುದುಡಿಕೊಂಡ ಕುಂದರ್ತಿ, ಮನ್ಯಾಗ ಬಂದು ಹುಲಿ ಆಗ್ತಿ!"

ಮತ್ತೊಂದು ಏಟು. ಕೆಳಮನೆಯ ಮರಾಠಿ ಹೆಂಗಸು ಕಾಕೂ ಎಂದಿನಂತೆ ಟಿವಿಯ ಸದ್ದು ಏರಿಸಿದಳು.

ಈ ಮುದುಕಿಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲವೇ? ಕಸ್ತೂರಿ ಇನ್ನೊಂದು ಹುಳವನ್ನು ನೀರಿಗೆ ಹಾಕುವ ಬದಲು ಉಗುರಿನಲ್ಲೇ ಹಿಸುಕಿದಳು.

ನಿಗಡಿ ಬಡಾವಣೆಯ ಈ ಮನೆಗೆ ಅವಳು ಸೊಸೆಯಾಗಿ ಬಂದು ಆರು ತಿಂಗಳು. ಗಂಡ ಮಾಂತು ಅವಳ ಮೇಲೆ ಒಮ್ಮೆಯೂ ಕೈ ಎತ್ತಿರಲಿಲ್ಲ. ಕುಡಿಯುವವನೂ ಅಲ್ಲ. ರಾಂಜಣಗಾಂವದ ಕಾರ್ಖಾನೆಯ ಬಸ್ಸಿಳಿದು ಬಂದಾಗ ಅವನ ಮುಖ ಹೇಗಿರುತ್ತಿತ್ತೋ ಅವಳು ಕಂಡಿರಲಿಲ್ಲ. ಆ ಹೊತ್ತಿಗೆ ಅವಳು ಯಾವಾಗಲೂ ಮೇಲೆ ಇರುತ್ತಿದ್ದಳು. ಇಳಿದು ಬರುವಷ್ಟರಲ್ಲಿ ಅವನು ಮುಖ ತೊಳೆದು ತಾಟಿನ ಮುಂದೆ ತಣ್ಣಗೆ ಕೂತಿರುತ್ತಿದ್ದ. ಕೆಲವೊಮ್ಮೆ ಅವಳಿಗೆಂದು ಬಾಕರವಡಿ ತಿಂಡಿಯ ಪೊಟ್ಟಣ. ಇಂಥವನು ಹೆತ್ತವಳ ಮೇಲೆ ಕೈ ಮಾಡುತ್ತಾನೆಂದರೆ ತಪ್ಪು ಆ ನಾಲಿಗೆಯದ್ದೇ.

ಅತ್ತೆಗೆ ತನ್ನನ್ನು ಕಂಡರಾಗದು ಎಂಬುದರಲ್ಲೂ ಅವಳಿಗೆ ಅನುಮಾನವಿರಲಿಲ್ಲ. ಬಸ್ಸಿನ ಹೊತ್ತಾಯಿತೆಂದರೆ ಒಂದೇ ರಾಗ: "ಏ, ಮ್ಯಾಲೆ ಹೋಗಿ ಹುಳಾ ಆರ್ಸು. ಆ ಕಡಿಂದ ಚಿಲಕಾ ಹಾಕ್ಕೋ, ಬಾಗಲಾ ಗಾಳಿಗೆ ಬಡಿತದ. ನಾ ಕರಿಯೂತನಾ ಇಳೀಬ್ಯಾಡ." ಮಗ ಮನೆಗೆ ಬಂದಾಗ ಹೆಂಡತಿಯ ಮುಖ ಅವನಿಗೆ ಮೊದಲು ಕಾಣಬಾರದು, ಅಷ್ಟು ಹೊಟ್ಟೆಕಿಚ್ಚು. ಆ ದಪ್ಪ ಕಬ್ಬಿಣದ ಚಿಲಕವನ್ನೂ ಮದುವೆಯಾದ ವಾರವೇ ಬಡಗಿಯನ್ನು ಕರೆಸಿ ಹಾಕಿಸಿದ್ದಳು.

ಟೆರೇಸಿನ ತೋಟದಲ್ಲೂ ಅತ್ತೆಯದೇ ಕಾನೂನು. ಮೊದಲು ಎಲೆ ಮಗುಚಿ ನೋಡಬೇಕು. ಹುಳ ಕಂಡರೆ ಕೈಯಿಂದ ಆರಿಸಬೇಕು. ಅದಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ. ವಿಷದ ಮಾತು ಎಲ್ಲಕ್ಕೂ ಕಡೆಗೆ. ಹರಳೆಣ್ಣೆ ಬಳಿದ ಹಳದಿ ತಗಡಿಗೆ ಬಿಳಿನೊಣ ಅಂಟಿ ಸಾಯುತ್ತಿದ್ದವು. ಗುಲಗಂಜಿ ಹುಳವನ್ನು ಮುಟ್ಟುವಂತಿರಲಿಲ್ಲ, ಅದು ಗಿಡದ ಹೇನು ತಿನ್ನುವ ನಂಟ. ಇಷ್ಟೆಲ್ಲ ಸರಿ. ಆದರೆ ಎಲೆಕೋಸಿನ ಡ್ರಮ್ಮುಗಳ ಸುತ್ತ ಬೆಳೆಸಿದ್ದ ಆ ಸಾಸಿವೆಯ ಸಾಲು! ಎಲೆಯೆಲ್ಲ ಜರಡಿ, ಹುಳಗಳ ಜಾತ್ರೆ. ಒಮ್ಮೆ ಕೀಳಲು ಹೋದಾಗ ಅತ್ತೆ ಕೈಮೇಲೆ ಫಟ್ಟೆಂದು ಹೊಡೆದಿದ್ದಳು.

"ಅದನ್ನ ಮುಟ್ಟೀಗೀಟ್ಟಿ! ಅದು ಇರಬೇಕಾದ್ದ ಹಂಗ."

ತಂಬಿಗೆ ಉರುಳಿದ ಆ ವಾರವೇ ಮಾಂತು ತಾಯಿಯ ಮುಂಗೈ ಮುರಿದ. ಬಚ್ಚಲಲ್ಲಿ ಜಾರಿಬಿದ್ದೆ ಎಂದು ಅವಳು ಡಾಕ್ಟರಿಗೆ ಹೇಳಿದಳು. ಕಸ್ತೂರಿ ಊರಿನ ಇನ್ನೊಂದು ತುದಿಯ ಖರಾಡಿಯಲ್ಲಿದ್ದ ನಾದಿನಿಗೆ ಗುಟ್ಟಾಗಿ ಫೋನು ಮಾಡಿದಳು.

"ಅತ್ತಿನ್ನ ಕರ್ಕೊಂಡು ಹೋಗ್ರಿ ಅಕ್ಕಾರ. ಅವ್ರ ಬಾಯಿಂದನ ಇವ್ರಿಗೆ ಸಿಟ್ಟು. ಅವ್ರ ಇಲ್ಲಂದ್ರ ಮನಿ ತಣ್ಣಗಿರ್ತದ."

ನಾದಿನಿ ಕೇಳಿದಳು: "ನೀ ಒಬ್ಬಾಕಿನ ಇರ್ತೀಯೇನ?"

"ಯಾಕ ಇರಂಗಿಲ್ರಿ? ಆರಾಮ ಇರ್ತೀನಿ."

ಹೋಗುವಾಗ ಗೌರಾಬಾಯಿ ಸರಿಯಿದ್ದ ಕೈಯಿಂದ ಬಾಗಿಲ ಚೌಕಟ್ಟನ್ನು ಹಿಡಿದುಬಿಟ್ಟಳು. "ನನ್ನ ಕೋಸು ಯಾರ ಕಾಯ್ತಾರ?"

"ಕೋಸಿಗೇನ ಬರಾ ಬಂದದೇನ ಯವ್ವಾ? ಖರಾಡ್ಯಾಗ ಮಾರ್ಕೆಟ್ಟಿಲ್ಲೇನು? ನಡಿ," ಎಂದು ಮಗಳು ಬೆರಳು ಬಿಡಿಸಿದಳು.

ಮರುದಿನ ಬೆಳಿಗ್ಗೆ ಕಸ್ತೂರಿ ಮಾಡಿದ ಮೊದಲ ಕೆಲಸ ಸಾಸಿವೆ ಕಿತ್ತದ್ದು. ಬೇರುಸಹಿತ ಜಗ್ಗಿ, ತುಳಿದು, ಚೀಲಕ್ಕೆ ತುರುಕಿ ಕಸದ ಗಾಡಿಗೆ ಎಸೆದಳು. ಸಂಜೆ ಮೇಲೆ ಹೋಗಲಿಲ್ಲ. ತಲೆ ಬಾಚಿ ಹೊಸ್ತಿಲಲ್ಲಿ ನಿಂತಳು. ಮಾಂತು ಬಂದ, ಉಂಡ, ಮಲಗಿದ. ವಾರವಿಡೀ ಹಾಗೆಯೇ. ಮನೆ ಎಷ್ಟು ತಣ್ಣಗಿತ್ತು! ಬಸ್ಸಿನ ಹೊತ್ತಿಗೆ ಸರಿಯಾಗಿ ಖರಾಡಿಯಿಂದ ಫೋನು ಬಡಿದುಕೊಳ್ಳುತ್ತಿತ್ತು. ಅಲ್ಲಿಂದಲೂ ಆಳಬೇಕೇ ಈ ಮುದುಕಿ? ಕಸ್ತೂರಿ ಎತ್ತಲಿಲ್ಲ.

ಶನಿವಾರ ಮಾಂತು ಬೂಟು ಬಿಚ್ಚದೆ ಒಳಗೆ ಬಂದ. ದವಡೆಯ ನರ ಹೊಡೆದುಕೊಳ್ಳುತ್ತಿತ್ತು. ಅಡುಗೆಮನೆಗೆ ಇಣುಕಿದ, ಬಚ್ಚಲಿಗೆ ಇಣುಕಿದ. ಏನನ್ನೋ ಹುಡುಕುವವನಂತೆ.

"ಅವ್ವ ಎಲ್ಲಿ?"

"ಖರಾಡ್ಯಾಗ ಅದಾರಲ್ರಿ. ಚಾ ತರ್ಲಿ?"

ಅವಳು ಹೇಳಿದ್ದು ಅಷ್ಟೇ. ಬೈದಿರಲಿಲ್ಲ, ಹಂಗಿಸಿರಲಿಲ್ಲ. ಮೊದಲ ಏಟಿಗೆ ತುಟಿ ಒಡೆಯಿತು. ಎರಡನೆಯದಕ್ಕೆ ತಲೆ ಗೋಡೆಗೆ ಅಪ್ಪಳಿಸಿ ಕಣ್ಣು ಕತ್ತಲಾಯಿತು. ಜಡೆ ಹಿಡಿದು ಎಳೆದು ಸೊಂಟಕ್ಕೆ ಒದ್ದ. ಕೆಳಗೆ ಕಾಕೂವಿನ ಟಿವಿ ಜೋರಾಯಿತು. ಕೈಗೆ ಸಿಕ್ಕ ಸ್ಟೂಲನ್ನು ಅವನ ಮೊಣಕಾಲಿಗೆ ಬಿಸಾಕಿ, ಹಿಡಿತ ಸಡಿಲಾದ ಒಂದು ಕ್ಷಣದಲ್ಲಿ ಅವಳು ಮೆಟ್ಟಿಲೇರಿ ಓಡಿದಳು. ಟೆರೇಸಿನ ಬಾಗಿಲೆಳೆದು ಚಿಲಕ ಜಡಿದಳು.

ಅವನ ಹೆಗಲು ಬಾಗಿಲಿಗೆ ಬಡಿಯಿತು. ಮತ್ತೆ ಬಡಿಯಿತು. ಕಬ್ಬಿಣ ಅಲುಗಲಿಲ್ಲ.

ಡ್ರಮ್ಮುಗಳ ನಡುವೆ ಕುಸಿದು ಕೂತ ಅವಳ ಕಣ್ಣೆದುರಿಗೇ ಎಲೆಕೋಸು. ಇಷ್ಟು ದಿನ ಒಂದು ತೂತೂ ಇಲ್ಲದೆ ದುಂಡಗಿದ್ದ ಕೋಸು ಈಗ ಜರಡಿಯಾಗಿತ್ತು. ಸಾಸಿವೆಯ ಮೇಲಿರುತ್ತಿದ್ದಂಥವೇ ಹುಳಗಳು ಅದರ ಎದೆಯೊಳಗೆ ಕೊರೆದು ಕೂತಿದ್ದವು. ಅವಳ ತುಟಿಯ ರಕ್ತ ಎಲೆಯ ಮೇಲೆ ತೊಟ್ಟಿಕ್ಕಿತು.

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಬಡಿದುಕೊಂಡಿತು. ಈ ಸಲ ಎತ್ತಿದಳು. ಅತ್ತೆ ಕ್ಷೇಮ ಕೇಳಲಿಲ್ಲ.

"ಬಸ್ಸಿನ ಹೊತ್ತಾತು. ಆ ಕಡಿಂದ ಚಿಲಕಾ ಹಾಕ್ಕೊಂಡೀ ಇಲ್ಲೋ ಮಗಳ?"